ಏಳನೇ ನಂಬರಿನ ಚೀಟಿ

ಬ್ರೆಂಟ್ ಫಾಲ್ಸ್, ವರ್ಮಾಂಟ್
9 ಅಕ್ಟೋಬರ್ 1995

ಕ್ಲೇಟನ್,

ಹನ್ನೊಂದು ವರ್ಷದ ಮೇಲೆ ಬರೆಯುತ್ತಿದ್ದೇನೆ. ಯೋಗಕ್ಷೇಮ ಕೇಳುವುದಕ್ಕೆ ಅಂದುಕೊಳ್ಳಬೇಡ. ಒಂದು ಕೆಲಸವಿದೆ. ಕೆಲಸವಿಲ್ಲದೆ ನಿನ್ನ ಹೆಸರಿಗೆ ಸ್ಟಾಂಪು ಅಂಟಿಸುವ ಆಸಾಮಿ ನಾನಲ್ಲ.

ನನ್ನ ನಿವೃತ್ತಿಯ ಊಟದಲ್ಲಿ ನೀನು ಎದ್ದು ನಿಂತು ಆಡಿದ ಮಾತು ನನಗೆ ಮರೆತಿಲ್ಲ. "ನಾವು ಮಾಡಿದ್ದು ಬಂದೂಕಲ್ಲ ಕಣ್ರೋ, ತಗಡಿನ ತಟ್ಟೆ. ದಿನಕ್ಕೆ ಇನ್ನೂರು ಹೊಡೆದು ಬಿಸಾಕಿದ್ದನ್ನ ಯಾವನೂ ಗೋಡೆ ಮೇಲೆ ತೂಗುಹಾಕಲ್ಲ" ಅಂದೆ. ಎಲ್ಲರೂ ನಕ್ಕರು. ನಾನು ಕೈಲಿದ್ದ ತಟ್ಟೆಯನ್ನೇ ಎಸೆದೆ. ನಿನ್ನ ಕಿವಿಗೆ ತಾಗಬೇಕಿತ್ತು, ಗೋಡೆಗೆ ತಾಗಿತು. ಹ್ಯಾವರ್ಟನ್ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷ ಉಕ್ಕನ್ನು ಮರದೊಳಗೆ ಕೂರಿಸಿದವನಿಗೆ ಅದನ್ನು ಕೇಳಿಸಿಕೊಂಡು ನಗುವುದಕ್ಕೆ ಬರಲಿಲ್ಲ. ಈಗಲೂ ಬರುವುದಿಲ್ಲ.

ಇರಲಿ. ನೀನು ಈಗ ಊರೂರಿನ ಬಂದೂಕು ಮೇಳಗಳಲ್ಲಿ ಟೇಬಲ್ ಹಾಕಿ ಹಳೆಯ ರೈಫಲ್ ಮಾರುತ್ತೀಯಂತೆ. ಬೆಲೆ ಕಟ್ಟುವುದರಲ್ಲಿ ಪಂಡಿತನಾಗಿದ್ದೀಯಂತೆ. ಆವತ್ತಿನ ಊಟದಲ್ಲಿ ನನಗೊಂದು ರೈಫಲ್ ಕೊಟ್ಟರಲ್ಲ, ಕಾರ್ಖಾನೆಯ ನೂರನೇ ವರ್ಷದ ನೆನಪಿನದು, ಮೇಲೆ ಚಿನ್ನದ ನೀರು ಬಳಿದು ಎಲ್ಕ್ ಜಿಂಕೆ ಕೆತ್ತಿದ್ದು. ಪೆಟ್ಟಿಗೆಯಿಂದ ಇವತ್ತಿಗೂ ಹೊರಗೆ ತೆಗೆದಿಲ್ಲ. ಅದಕ್ಕೆ ಏನಾದರೂ ಬೆಲೆ ಬಂದಿದೆಯೇ? ನೇರವಾಗಿ ಹೇಳು.

ಕಾರಣ ಲೊರೆಟ್. ಅವಳಿಗೆ ಮರೆವಿನ ಕಾಯಿಲೆ, ಎರಡು ವರ್ಷವಾಯಿತು. ಕೆಲವು ದಿನ ನಾನು ಅವಳ ಗಂಡ, ಕೆಲವು ದಿನ ಕೊಳಾಯಿ ರಿಪೇರಿಯವನು. ಎರಡು ಸಲ ಮನೆಯ ಚಪ್ಪಲಿಯಲ್ಲೇ ಹೊಳೆಯ ರಸ್ತೆಗೆ ಹೋಗಿಬಿಟ್ಟಿದ್ದಳು. ಹಗಲು ಹೊತ್ತು ಯಾರನ್ನಾದರೂ ಮನೆಯಲ್ಲಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಸಂತದೊಳಗೆ ಆರೈಕೆ ಕೇಂದ್ರಕ್ಕೆ ಸೇರಿಸಿ ಎಂದು ಜಿಲ್ಲಾ ಕಚೇರಿಯ ಹೆಂಗಸು ಬಂದು ಹೇಳಿ ಹೋಗಿದ್ದಾಳೆ. ಬೇಲಿಯಾಚೆಯ ಅವಳ ತಂಗಿ ಟೆರೇಸ್‌ಳದೂ ಅದೇ ರಾಗ. "ಓವಿಲಾ, ನಿನ್ನ ಸೊಂಟ ನಿನ್ನ ಮಾತೇ ಕೇಳಲ್ಲ. ಇನ್ನು ಅವಳು ಕೇಳ್ತಾಳಾ?" ಅನ್ನುತ್ತಾಳೆ. ದಿನಗೂಲಿಯವಳನ್ನು ಇಟ್ಟುಕೊಳ್ಳುವಷ್ಟು ಪಿಂಚಣಿ ನನಗೆ ಬರುವುದಿಲ್ಲ.

ಬುದ್ಧಿ ನೆಟ್ಟಗಿದ್ದಾಗ ಲೊರೆಟ್ ಒಂದೇ ಒಂದು ಮಾತು ಕೇಳಿದ್ದಳು. "ನನ್ನನ್ನ ಅಲ್ಲಿಗೆ ಮಾತ್ರ ಕಳಿಸ್ಬೇಡ." ನಾನು ಹೂಂ ಅಂದಿದ್ದೆ.

ಫೋನ್ ಮಾಡಬೇಡ. ಗಂಟೆ ಕೇಳಿಸಿದರೆ ಕಾರ್ಖಾನೆಗೆ ಹೊತ್ತಾಯಿತೆಂದು ಕೋಟು ಹುಡುಕುತ್ತಾಳೆ. ವೈರು ಕಿತ್ತಿಟ್ಟಿದ್ದೇನೆ.

ಓವಿಲಾ ಬ್ರೂಸೋ

*

ಡೇಟನ್, ಒಹಾಯೋ
18 ಅಕ್ಟೋಬರ್ 1995

ಓವಿಲಾ,

ತಟ್ಟೆ ನನ್ನ ಕಿವಿಗೆ ತಾಗದೇ ಇದ್ದದ್ದಕ್ಕೆ ನಿನ್ನ ಕೆಟ್ಟ ಗುರಿ ಕಾರಣವೇ ಹೊರತು ನಿನ್ನ ಕರುಣೆಯಲ್ಲ ಎಂದು ನನಗೆ ಆವತ್ತೇ ಗೊತ್ತಿತ್ತು.

ಲೊರೆಟ್ ಸುದ್ದಿ ಓದಿ ಎದ್ದು ಹೋಗಿ ಒಂದು ಸುತ್ತು ನಡೆದು ಬಂದೆ. ಪ್ಯಾಕಿಂಗ್ ಕೋಣೆಯ ಬಾಗಿಲಲ್ಲಿ, ಪ್ರತಿ ರೈಫಲ್ ತಪಾಸಣೆ ಮಾಡಿ ಕಟ್ಟುತ್ತಿದ್ದ ಅವಳ ಮುಂದೆ ನಾವೆಲ್ಲ ಶಾಲೆಯ ಹುಡುಗರ ಹಾಗೆ ನಿಲ್ಲುತ್ತಿದ್ದೆವು. ಅಂಥವಳು ಚಪ್ಪಲಿಯಲ್ಲಿ ರಸ್ತೆಗೆ ಹೋದಳೆಂದರೆ ಏನು ಹೇಳಲಿ. ಹೇಳುವುದಕ್ಕೆ ನನಗೆ ಬರುವುದು ಬೆಲೆ ಒಂದೇ.

ನಿನ್ನ ಚಿನ್ನದ ರೈಫಲ್‌ಗೆ ಬೆಲೆ ಇಲ್ಲ. ಸಿಟ್ಟಾಗಬೇಡ, ಪೂರ್ತಿ ಓದು. ಅದನ್ನು ಹದಿನೈದು ಸಾವಿರ ಮಾಡಿದರು. ಮುಂದೆ ಬೆಲೆ ಬರುತ್ತದೆಂದು ಆ ಹದಿನೈದು ಸಾವಿರ ಜನವೂ ನಿನ್ನ ಹಾಗೇ ಪೆಟ್ಟಿಗೆ ಬಿಚ್ಚದೆ ಮಂಚದ ಕೆಳಗೆ ತಳ್ಳಿದರು. ಹದಿನೈದು ಸಾವಿರವೂ ಹಾಗೇ ಇದೆ! ಪ್ರತಿ ಮೇಳಕ್ಕೂ ಯಾರಾದರೊಬ್ಬ ವಿಧವೆ ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಬರುತ್ತಾಳೆ. ನಾನು ಮುಖ ನೋಡಿ ಹೇಳಲಾರದೆ ಪಕ್ಕದ ಟೇಬಲ್ ತೋರಿಸುತ್ತೇನೆ.

ಈಗ ಜನ ಹುಡುಕಿಕೊಂಡು ಬರುವುದು ಯಾರೂ ಜೋಪಾನ ಮಾಡದ ಸಾಮಾನನ್ನು. ನಮ್ಮ ನಲವತ್ತನೇ ಮಾಡೆಲ್ ನೆನಪಿದೆಯಲ್ಲ? ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಬಣ್ಣದ ಡಬ್ಬಿಗಳ ಪಕ್ಕ ನಿಲ್ಲಿಸಿ ಮಾರುತ್ತಿದ್ದದ್ದು. ಹತ್ತು ಲಕ್ಷ ಮಾಡಿದ್ದೇವೋ ಏನೋ. ರೈತರು ಟ್ರಕ್ಕಿನ ಹಿಂದೆ ಎಸೆದರು, ಕೊಟ್ಟಿಗೆಯಲ್ಲಿ ತುಕ್ಕು ಹಿಡಿಸಿದರು, ಹಿಡಿ ಕುಯ್ದು ಮಕ್ಕಳ ಅಳತೆಗೆ ತಂದರು. ಹೊಸದಾಗಿ ಉಳಿದದ್ದೇ ಇಲ್ಲ. ಅದರಲ್ಲೂ ಅರವತ್ತನಾಲ್ಕಕ್ಕೆ ಮುಂಚಿನದು. ಆಮೇಲೆ ಖರ್ಚು ಉಳಿಸಲು ಉಕ್ಕಿನ ಗಟ್ಟಿಯಿಂದ ಕಡೆಯುವುದು ಬಿಟ್ಟು ತಗಡು ಬಗ್ಗಿಸತೊಡಗಿದರಲ್ಲ. ಆ ಹಳೆಯದಕ್ಕೆ, ಪೆಟ್ಟಿಗೆ ಸಮೇತ ಸಿಕ್ಕರೆ, ಜನ ವಿಮಾನ ಹತ್ತಿ ಬರುತ್ತಾರೆ.

ಅಂದರೆ ಆವತ್ತು ಊಟದಲ್ಲಿ ನಾನು ಆಡಿದ್ದು ತಪ್ಪು ಎಂದಾಯಿತು. ಕ್ಷಮೆ ಕೇಳುತ್ತಿಲ್ಲ. ಮಾರುಕಟ್ಟೆಯ ಸುದ್ದಿ ಹೇಳುತ್ತಿದ್ದೇನೆ.

ನಿನ್ನ ಹತ್ತಿರ ಅಂಥದ್ದೇನಾದರೂ ಇದೆಯೇ?

ಕ್ಲೇಟನ್ ವಿಟ್ಕಾಂಬ್

*

ಬ್ರೆಂಟ್ ಫಾಲ್ಸ್
29 ಅಕ್ಟೋಬರ್ 1995

ಕ್ಲೇಟನ್,

ನಿನ್ನ ಕಾಗದ ಓದಿ ಎರಡು ದಿನ ಬೈದುಕೊಂಡೆ. ನಾವು ಕೈಯಿಟ್ಟು ಮಾಡಿದ್ದನ್ನು ಹಾಳು ಮಾಡಿದವರು ಹಾಳು ಮಾಡಿದ್ದರಿಂದಲೇ ಅದಕ್ಕೆ ಬೆಲೆ ಬಂತಂತೆ! ಕೊಳ್ಳುವವರ ತಲೆಯಲ್ಲಿ ಏನಿದೆಯೋ. ರೈಫಲ್ ಇರುವುದು ಹಾರಿಸುವುದಕ್ಕೆ. ನೆಟ್ಟಗೆ ಹಾರಿದರೆ ಅದು ಒಳ್ಳೆಯದು.

ಒಂದಿದೆ.

1963ರ ಡಿಸೆಂಬರಿನಲ್ಲಿ ಕಾರ್ಖಾನೆಯ ಅಂಗಡಿಯಲ್ಲಿ ಕೆಲಸಗಾರರ ಬೆಲೆಗೆ ಒಂದು ನಲವತ್ತನೇ ಮಾಡೆಲ್ ಕೊಂಡಿದ್ದೆ. ಲೊರೆಟ್‌ಳ ಅಪ್ಪನಿಗೆ ಕ್ರಿಸ್‌ಮಸ್ ಉಡುಗೊರೆ. ಮುದುಕ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಸತ್ತ. ಸತ್ತವನ ಉಡುಗೊರೆ ಬೇರೆಯವರು ಬಿಚ್ಚುವುದು ಬೇಡ ಎಂದು ಲೊರೆಟ್ ಮೆಟ್ಟಿಲ ಕೆಳಗೆ ಇಟ್ಟಳು. ಅಲ್ಲೇ ಇದೆ. ಮೇಲಿನ ಹಬ್ಬದ ಕಾಗದವನ್ನು ಇಲಿ ತಿಂದಿದೆ, ಒಳಗಿನ ರಟ್ಟಿನ ಪೆಟ್ಟಿಗೆ ಗಟ್ಟಿಯಾಗಿದೆ.

ಅವಳ ಮುಂದೆ ಎಳೆಯಲು ಮನಸ್ಸಾಗಲಿಲ್ಲ. ಅವಳು ಮಲಗಿದ್ದ ಮಧ್ಯಾಹ್ನ ಎಳೆದು ನೋಡಿ ಮತ್ತೆ ತಳ್ಳಿದೆ.

ಓವಿಲಾ ಬ್ರೂಸೋ

*

ಡೇಟನ್
4 ನವೆಂಬರ್ 1995

ಓವಿಲಾ,

ಕೂತುಕೊಂಡು ಓದು. ಪೆಟ್ಟಿಗೆಯನ್ನು ಬಿಚ್ಚಬೇಡ. ಬಿಚ್ಚಲೇಬೇಕು, ನನಗೆ ಫೋಟೋ ಬೇಕು, ಆದರೆ ಕಿರಿದಾದ ತುದಿಯಿಂದ ಬಿಚ್ಚು, ರಟ್ಟು ಹರಿಯಬಾರದು. ಎಣ್ಣೆಕಾಗದ ಬಿಡಿಸು, ಕಿತ್ತೆಸೆಯಬೇಡ. ಗ್ರೀಸ್ ಒರೆಸಬೇಡ. ನಿನ್ನ ಕೈಗೆ ಒರೆಸುವ ಚಟ ಇದೆ, ನನಗೆ ಗೊತ್ತು. ಕೈಗವಸು ತೊಟ್ಟುಕೋ. ಒಳಗೆ ಪ್ಯಾಕಿಂಗ್‌ನವರ ಚೀಟಿ ಇರಬೇಕು, ಅದು ರೈಫಲ್‌ನಷ್ಟೇ ಮುಖ್ಯ. ಚೀಟಿ, ಗ್ರೀಸ್, ಪೆಟ್ಟಿಗೆ, ಮೂರೂ ಇದ್ದರೆ ಒಂದು ವರ್ಷವಲ್ಲ, ಮೂರು ವರ್ಷ ನಿನ್ನ ಮನೆಗೆ ಹಗಲು ಹೊತ್ತಿಗೆ ಹೆಂಗಸನ್ನು ಇಟ್ಟುಕೊಳ್ಳಬಹುದು.

ಇನ್ನೊಂದು ಸಲ ಬರೆಯುತ್ತೇನೆ. ಒರೆಸಬೇಡ.

ಕ್ಲೇಟನ್

*

ಬ್ರೆಂಟ್ ಫಾಲ್ಸ್
21 ನವೆಂಬರ್ 1995

ಕ್ಲೇಟನ್,

ಫೋಟೋ ಇಟ್ಟಿದ್ದೇನೆ. ಟೆರೇಸ್ ತೆಗೆದದ್ದು. ಅದಕ್ಕೇ ಒಂದರಲ್ಲಿ ಅವಳ ಬೆರಳಿದೆ. "ಹೆಂಡತಿಗೊಂದು ಒಳ್ಳೆ ಫೋಟೋ ತೆಗ್ಸಿಲ್ಲ, ಬಂದೂಕಿಗೆ ತೆಗೆಸ್ತಾನೆ ಮಹಾರಾಯ" ಎಂದು ಬೈಯುತ್ತಲೇ ತೆಗೆದಳು. ನಾನು ಒರೆಸಿಲ್ಲ.

ಚೀಟಿ ಇದೆ. ಅದರ ಮೇಲೆ ಏಳು ಎಂದು ಪೆನ್ಸಿಲಿನಲ್ಲಿ ಬರೆದಿದೆ. ಏಳು ಲೊರೆಟ್‌ಳ ನಂಬರು. ಅಪ್ಪನಿಗೆ ಹೋಗುವುದನ್ನು ಅವಳೇ ಪ್ಯಾಕ್ ಮಾಡಿದ್ದಳು. ನನಗೆ ಹೇಳಿರಲಿಲ್ಲ.

ಮೂರನೇ ಫೋಟೋ ನೋಡು. ಹಿಂಬದಿಯಲ್ಲಿ ಉಕ್ಕು ಮರದೊಳಗೆ ಪೂರ್ತಿ ಕೂತಿಲ್ಲ, ಕೂದಲೆಳೆಯಷ್ಟು ಸಂದಿದೆ. ಮರದ ಒಳಗೆ ನನ್ನ ಬೆಂಚಿನ ಗುರುತಿದೆ. ಹಬ್ಬದ ಆತುರದಲ್ಲಿ ಮಾಡಿದ ಕೆಲಸ, ನನ್ನದೇ. ಇಂಥದ್ದನ್ನು ಲೊರೆಟ್ ನೂರು ಸಲ ನನ್ನ ಬೆಂಚಿಗೆ ವಾಪಸ್ ಕಳಿಸಿದ್ದಾಳೆ. ಇದನ್ನು ಹೇಗೆ ಬಿಟ್ಟಳೋ. ನೋಡಲಿಲ್ಲವೋ, ನೋಡಿ ನನ್ನ ಮುಖ ಉಳಿಸಿದಳೋ. ಕೇಳೋಣವೆಂದರೆ ಈಗ ಯಾರನ್ನು ಕೇಳಲಿ.

ಈ ಸಂದು ನನ್ನ ಕಣ್ಣಿಗೆ ಚುಚ್ಚುತ್ತದೆ. ಎರಡು ದಿನದ ಕೆಲಸ. ಸರಿ ಮಾಡಿ ಕೊಡಲೇ?

ಓವಿಲಾ

*

ಡೇಟನ್
29 ನವೆಂಬರ್ 1995

ಓವಿಲಾ,

ಮುಟ್ಟಿದರೆ ಅಲ್ಲಿಗೆ ಬಂದು ಕೈ ಮುರಿಯುತ್ತೇನೆ! ಕಾರ್ಖಾನೆಯಿಂದ ಸಂದಿನೊಂದಿಗೆ ಬಂದಿದ್ದರೆ ಸಂದಿನೊಂದಿಗೇ ಇರಬೇಕು. ಈ ಜನಕ್ಕೆ ತಪ್ಪಿದ್ದರೆ ಇನ್ನೂ ಖುಷಿ. ನೀನು ಸರಿ ಮಾಡಿದ ಕ್ಷಣಕ್ಕೆ ಅದು ರಿಪೇರಿಯಾದ ರೈಫಲ್. ರಿಪೇರಿಯಾದದ್ದು ನನ್ನ ಟೇಬಲ್ ಕೆಳಗೆ ಹನ್ನೆರಡು ಬಿದ್ದಿವೆ.

ಟೆಕ್ಸಸ್‌ನಲ್ಲಿ ಒಬ್ಬ ದಂತವೈದ್ಯನಿದ್ದಾನೆ, ನಲವತ್ತನೇ ಮಾಡೆಲ್ ಬಿಟ್ಟು ಬೇರೇನೂ ಕೊಳ್ಳುವುದಿಲ್ಲ. ಫೋಟೋ ನೋಡಿ ಅವನ ಉಸಿರು ಬದಲಾದದ್ದು ಫೋನಿನಲ್ಲೇ ಕೇಳಿಸಿತು. ಜನವರಿ ಇಪ್ಪತ್ತಕ್ಕೆ ನಾನೇ ಕಾರು ತೆಗೆದುಕೊಂಡು ಬಂದು ಒಯ್ಯುತ್ತೇನೆ. ಅಲ್ಲಿವರೆಗೆ ಅದರ ಮೇಲೆ ಕಂಬಳಿ ಹೊದಿಸಿ ಮರೆತುಬಿಡು.

ಜಿಲ್ಲಾ ಕಚೇರಿಯವಳಿಗೆ ಹೇಳು, ಹೆಂಗಸು ಗೊತ್ತಾಗಿದ್ದಾಳೆ ಎಂದು.

ಕ್ಲೇಟನ್

*

ಬ್ರೆಂಟ್ ಫಾಲ್ಸ್
10 ಡಿಸೆಂಬರ್ 1995

ಕ್ಲೇಟನ್,

ಹೇಳಿದೆ. ಬರೆದುಕೊಂಡು ಹೋದಳು.

ಪೆಟ್ಟಿಗೆ ನನ್ನ ಮಂಚದ ಕೆಳಗಿದೆ. ಲೊರೆಟ್‌ಗೆ ಕೂಡ ಹೇಳಿದೆ, "ಎಲ್ಲಿಗೂ ಹೋಗೋದಿಲ್ಲ ನೀನು, ಇಲ್ಲೇ ಇರ್ತೀಯ" ಎಂದು. "ಇನ್ನೆಲ್ಲಿಗೆ ಹೋಗ್ತಾರೆ?" ಅಂದಳು. ಆವತ್ತು ಒಳ್ಳೆಯ ದಿನ.

ಬರುವಾಗ ಟೈರಿಗೆ ಚೈನು ಹಾಕಿಕೊಂಡು ಬಾ. ಸೇತುವೆ ಹತ್ತಿರ ಮಂಜುಗಡ್ಡೆ. ಬಟಾಣಿ ಸೂಪು ನಾನೇ ಮಾಡುತ್ತೇನೆ, ಚೆನ್ನಾಗಿರುವುದಿಲ್ಲ.

ಓವಿಲಾ

*

ಡೇಟನ್
22 ಜನವರಿ 1996

ಓವಿಲಾ,

ಹಿಮಬಿರುಗಾಳಿಗೆ ಹೆದ್ದಾರಿ ಮುಚ್ಚಿದೆ, ಹತ್ತು ದಿನ ತಡವಾಗುತ್ತದೆ ಎಂದು ಎಂಟನೇ ತಾರೀಖು ಬರೆದೆ. ಉತ್ತರವಿಲ್ಲ. ಹದಿನೈದಕ್ಕೆ ಮತ್ತೆ ಬರೆದೆ. ಉತ್ತರವಿಲ್ಲ. ದಂತವೈದ್ಯ ದಿನಾ ಫೋನ್ ಮಾಡುತ್ತಾನೆ.

ರೈಫಲ್ ಹಾಳಾಗಿ ಹೋಗಲಿ, ನೀವಿಬ್ಬರೂ ಹೇಗಿದ್ದೀರಿ? ಒಂದು ಸಾಲು ಬರೆ.

ಕ್ಲೇಟನ್

*

ಬ್ರೆಂಟ್ ಫಾಲ್ಸ್
28 ಜನವರಿ 1996

ಕ್ಲೇಟನ್,

ಬರಬೇಡ. ಕೊಡುವುದಕ್ಕೆ ಏನೂ ಉಳಿದಿಲ್ಲ.

ಹನ್ನೊಂದನೇ ತಾರೀಖು ಬೆಳಿಗ್ಗೆ ನಾನು ಬಾಗಿಲ ಮುಂದಿನ ಹಿಮ ಎತ್ತುತ್ತಿದ್ದೆ. ಅರ್ಧ ಗಂಟೆ, ಹೆಚ್ಚಿಲ್ಲ. ಒಳಗೆ ಬಂದರೆ ಲೊರೆಟ್ ಅಡುಗೆಮನೆಯ ಟೇಬಲ್ ಮುಂದೆ ನಿಂತಿದ್ದಳು. ನೆಟ್ಟಗೆ. ಅವಳು ಹಾಗೆ ನಿಂತದ್ದನ್ನು ನೋಡಿ ಒಂದು ವರ್ಷದ ಮೇಲಾಗಿತ್ತು. ಏಪ್ರನ್ ಕಟ್ಟಿದ್ದಳು. ಟೇಬಲ್ ಮೇಲೆ ರೈಫಲ್, ಪಕ್ಕದಲ್ಲಿ ಮಂಚದ ಕೆಳಗಿಂದ ಎಳೆದು ತಂದ ಪೆಟ್ಟಿಗೆ, ಅದರ ರಟ್ಟು ಉದ್ದಕ್ಕೂ ಹರಿದಿತ್ತು. ಮೂವತ್ತೆರಡು ವರ್ಷದ ಗ್ರೀಸ್ ಎಲ್ಲ ಪಾತ್ರೆ ಒರೆಸುವ ಬಟ್ಟೆಯ ಮೇಲಿತ್ತು. ರೈಫಲ್ ಅಂದರೆ ರೈಫಲ್, ಫಳಫಳ ಅನ್ನುತ್ತಿತ್ತು.

ಅವಳು ಹೆಬ್ಬೆರಳಿನಿಂದ ಮರ ಮತ್ತು ಉಕ್ಕು ಸೇರುವ ಗೆರೆಯುದ್ದಕ್ಕೂ ಸವರಿಕೊಂಡು ಬಂದಳು. ಸಂದಿನ ಹತ್ತಿರ ಬೆರಳು ನಿಂತಿತು.

"ಇದು ಹೋಗಲ್ಲ" ಅಂದಳು.

ನಾನು ತಲೆಯ ಟೊಪ್ಪಿಗೆ ತೆಗೆದೆ.

"ಯಾರ ಬೆಂಚಿಂದು?"

"ಬ್ರೂಸೋದು" ಅಂದೆ.

"ಅವನದಾ! ಹೋಗಿ ಹೇಳು ಆ ಮನುಷ್ಯಂಗೆ. ಹಬ್ಬದ ಆತುರ ಅವನಿಗಿರಬೋದು, ನನಗಿಲ್ಲ. ನನ್ನ ನಂಬರ್ ಹಾಕಿ ಇಂಥದ್ದನ್ನ ಕಳಿಸೋಳಲ್ಲ ನಾನು."

ಹಾಗೆಂದು ಪೆಟ್ಟಿಗೆಯೊಳಗಿನ ಚೀಟಿ ತೆಗೆದು ನಡುವೆ ಹರಿದಳು. ವಾಪಸ್ ಹೋಗುವ ರೈಫಲ್ಲಿನ ಚೀಟಿ ಹರಿಯಲೇಬೇಕು, ನಿನಗೆ ಗೊತ್ತಲ್ಲ ಪದ್ಧತಿ. ಕೆಂಪು ಪೆನ್ಸಿಲ್ ಹುಡುಕಿದಳು, ಸಿಗಲಿಲ್ಲ. ಜೇಬಿನಿಂದ ತುಟಿಯ ಬಣ್ಣ ತೆಗೆದು ಮರದ ಹಿಡಿಯ ಮೇಲೆ ದೊಡ್ಡದಾಗಿ ಅಡ್ಡಗೀಟು ಎಳೆದಳು. ನನ್ನ ಕೈಗೆ ಕೊಟ್ಟಳು. "ಬೇಗ ತಾ. ಲೈನು ನಿಂತಿದೆ."

ಪೆಟ್ಟಿಗೆ, ಗ್ರೀಸ್, ಚೀಟಿ. ಐದು ನಿಮಿಷದಲ್ಲಿ ಮೂರೂ ಹೋದವು.

ಆದರೂ ಸಂದು ಉಳಿದಿತ್ತು. ಅಷ್ಟಕ್ಕಾದರೂ ದಂತವೈದ್ಯ ಏನಾದರೂ ಕೊಡುತ್ತಿದ್ದನೋ ಏನೋ. ನಾನು ಅದನ್ನು ನೆಲಮಾಳಿಗೆಗೆ ಒಯ್ದು ಬಟ್ಟೆ ಸುತ್ತಿ ಇಟ್ಟೆ. ಅವಳು ಮರೆಯುತ್ತಾಳೆ, ಎಲ್ಲವನ್ನೂ ಮರೆಯುತ್ತಾಳೆ, ಇದನ್ನು ಮರೆಯದೇ ಇರುತ್ತಾಳೆಯೇ ಅಂದುಕೊಂಡೆ. ಅವಳು ಮರೆಯಲಿಲ್ಲ ಮಾರಾಯಾ. ಟೇಬಲ್ ಅಂಚಿಗೆ ಕೈಯಿಟ್ಟು ನಿಂತೇ ಇದ್ದಳು. ಕೂರು ಎಂದರೆ ಕೂರಲಿಲ್ಲ. ತಿನ್ನು ಎಂದರೆ "ಲೈನು ನಿಂತಿದೆ" ಎನ್ನುವಳು. ಟೆರೇಸ್ ಬಂದು ಕೈ ಹಿಡಿದು ಕೂರಿಸಲು ನೋಡಿ, ತಳ್ಳಿಸಿಕೊಂಡು ಹೋದಳು. ಸಂಜೆಗೆ ಕಾಲು ಊದಿಕೊಂಡವು. ಮಾರನೇ ದಿನ ಎದ್ದವಳೇ ಮತ್ತೆ ಅಲ್ಲೇ ನಿಂತಳು.

ನಾನು ಕೆಳಗಿಳಿದೆ. ಉಕ್ಕಿಗೆ ದೀಪದ ಮಸಿ ಹಚ್ಚಿದೆ, ಮರದೊಳಗೆ ಕೂರಿಸಿದೆ, ತೆಗೆದೆ, ಮಸಿ ಅಂಟಿದ ಕಡೆ ಕೆರೆದೆ. ಮತ್ತೆ ಮಸಿ, ಮತ್ತೆ ಕೆರೆತ. ಹಳೆಯ ಕನ್ನಡಕ ಸಾಲಲಿಲ್ಲ. ಮಾಡುವಾಗ ನನಗೆ ಗೊತ್ತಿತ್ತು. ಒಂದೊಂದು ಕೆರೆತಕ್ಕೂ ಏನು ಹೋಗುತ್ತಿದೆ ಎಂದು ಗೊತ್ತಿದ್ದೇ ಕೆರೆದೆ. ಅವಳನ್ನು ಮನೆಯಲ್ಲಿ ಇರಿಸಿಕೊಳ್ಳಬೇಕಾಗಿದ್ದ ಹೆಂಗಸಿನ ಕೂಲಿಯನ್ನು ನಾನೇ ಪುಡಿ ಪುಡಿ ಮಾಡಿ ನೆಲಕ್ಕೆ ಉದುರಿಸಿದೆ. ನಿನಗೆ ಬೇರೆ ದಾರಿ ಹೊಳೆಯುತ್ತಿತ್ತೋ ಏನೋ. ನನಗೆ ಹೊಳೆಯಲಿಲ್ಲ. ಪ್ಯಾಕಿಂಗ್‌ನವಳು ವಾಪಸ್ ಕಳಿಸಿದರೆ ಸರಿ ಮಾಡಿ ಕೊಡುವುದು ಬಿಟ್ಟು ನಾನು ಬೇರೇನೂ ಕಲಿತವನಲ್ಲ.

ಮಧ್ಯಾಹ್ನ ಒಯ್ದು ಕೊಟ್ಟೆ. ಹೆಬ್ಬೆರಳು ಸವರಿದಳು. ನಾನು ಕೈಕಟ್ಟಿ ನಿಂತೆ, ಇಪ್ಪತ್ತೆರಡರ ವಯಸ್ಸಿನಲ್ಲಿ ಅವಳ ಮುಂದೆ ನಿಂತ ಹಾಗೆ.

"ಹೂಂ. ಇದು ಹೋಗ್ಲಿ" ಅಂದಳು. ವಿದ್ಯುತ್ ಬಿಲ್ಲಿನ ಹಿಂದೆ ಏಳು ಎಂದು ಬರೆದು ಪೆಟ್ಟಿಗೆಗೆ ಹಾಕಿದಳು. ಕೂತು ಒಂದು ಬಟ್ಟಲು ಸೂಪು ಪೂರ್ತಿ ಕುಡಿದಳು.

ನಿನ್ನ ದಂತವೈದ್ಯನಿಗೆ ಏನು ಬೇಕಾದರೂ ಹೇಳು.

ಓವಿಲಾ

*

ಡೇಟನ್
5 ಫೆಬ್ರವರಿ 1996

ಓವಿಲಾ,

ನದಿಯಲ್ಲಿ ಬಿತ್ತು ಎಂದು ಹೇಳಿದೆ. ಅವನು ಯಾವ ನದಿ ಎಂದು ಕೇಳಿದ.

ನಿನಗೆ ಬೈದು ಎರಡು ಕಾಗದ ಬರೆದು ಹರಿದೆ. ಆವತ್ತು ನಾನು ಅಲ್ಲಿದ್ದಿದ್ದರೆ ನಿನ್ನ ಕೈ ಹಿಡಿಯುತ್ತಿದ್ದೆನೋ, ಮಸಿಯ ಡಬ್ಬಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆನೋ, ನಿಜವಾಗಿ ಗೊತ್ತಿಲ್ಲ.

ಬೇಟೆಯವರು ಕೊಡುವ ಬೆಲೆಗೆ ನಾನೇ ಕೊಳ್ಳುತ್ತೇನೆ. ಎರಡು ತಿಂಗಳ ಮಟ್ಟಿಗಾದರೂ ಹೆಂಗಸನ್ನು ಇಟ್ಟುಕೊಳ್ಳಬಹುದು. ರಸ್ತೆ ತೆರೆದ ಕೂಡಲೇ ಬರುತ್ತೇನೆ. ಬೇಡ ಎನ್ನಬೇಡ.

ಕ್ಲೇಟನ್

*

ಬ್ರೆಂಟ್ ಫಾಲ್ಸ್
16 ಮಾರ್ಚ್ 1996

ಕ್ಲೇಟನ್,

ಬೇಡ ಎನ್ನುತ್ತಿದ್ದೇನೆ. ರೈಫಲ್ ಮನೆಯಲ್ಲೇ ಬೇಕಾಗಿದೆ. ಅದಕ್ಕೆ ಕೆಲಸವಿದೆ.

ಸೂಪು ಕುಡಿದ ಆ ಮಧ್ಯಾಹ್ನವೇ ಅವಳು ಬಟ್ಟಲು ಸರಿಸಿ "ಮುಂದಿನದು ತಾ" ಅಂದಳು. ಮುಂದಿನದು ಎಲ್ಲಿಂದ ತರಲಿ? ಚಿನ್ನದ ರೈಫಲ್ ತಂದು ಇಟ್ಟೆ. ಅದನ್ನು ನೋಡಿ, "ಇದ್ಯಾವ ಜಾತ್ರೆದು? ತಗೊಂಡು ಹೋಗು" ಎಂದು ಪಕ್ಕಕ್ಕೆ ತಳ್ಳಿದಳು. ಆಗ ಅವಳು ಕಟ್ಟಿಟ್ಟ ಪೆಟ್ಟಿಗೆಯನ್ನೇ ನೆಲಮಾಳಿಗೆಗೆ ಒಯ್ದು, ಬಿಚ್ಚಿ, ರೈಫಲ್ಲಿಗೆ ಎಣ್ಣೆ ಸವರಿ, ಮೇಲೆ ತಂದು ಕೊಟ್ಟೆ. ಒರೆಸಿದಳು, ಸವರಿದಳು, ಚೀಟಿ ಬರೆದಳು, ಕಟ್ಟಿದಳು. "ಮುಂದಿನದು."

ಎರಡು ತಿಂಗಳಿಂದ ಇದೇ ನಮ್ಮ ದಿನಚರಿ. ದಿನಕ್ಕೆ ಎಂಟು ಸಲ, ಹತ್ತು ಸಲ. ಮೆಟ್ಟಿಲು ಹತ್ತಿಳಿದು ನನ್ನ ಸೊಂಟ ಹೋಯಿತು. ಅವಳ ಹೆಬ್ಬೆರಳು ಓಡಾಡುವ ಕಡೆ ಉಕ್ಕಿನ ನೀಲಿ ಬಣ್ಣ ಸವೆದು ಬೆಳ್ಳಗಾಗಿದೆ. ಆದರೆ ಅವಳು ರಸ್ತೆಗೆ ಹೋಗಲಿಲ್ಲ. ಒಂದು ಸಲವೂ ಹೋಗಲಿಲ್ಲ. ನಾನು ಇದನ್ನು ಜಿಲ್ಲಾ ಕಚೇರಿಯವಳಿಗೆ ಹೇಳಿದೆ, ದೊಡ್ಡ ಗೆಲುವಿನ ಹಾಗೆ. ಅವಳು ಮುಖ ಬಿಳಿಚಿಕೊಂಡು, "ಬುದ್ಧಿ ಸ್ಥಿಮಿತ ಇಲ್ಲದವರ ಕೈಗೆ ರೈಫಲ್ ಕೊಡ್ತಿದೀರಾ?" ಅಂದಳು. ಗುಂಡು ಮನೆಯಲ್ಲೇ ಇಲ್ಲ, ಗುಂಡು ಸಿಡಿಸುವ ಬೋಲ್ಟನ್ನೇ ತೆಗೆದಿಟ್ಟಿದ್ದೇನೆ, ಅದೊಂದು ಕೊಳವೆ ಅಷ್ಟೆ ಎಂದೆ. ಅವಳು ಬರೆದುಕೊಳ್ಳುತ್ತಲೇ ಇದ್ದಳು. ಕೂಗಾಡಿದೆ. ಕೂಗಾಡಿದ್ದನ್ನೂ ಬರೆದುಕೊಂಡಳು.

ಸೋಮವಾರ ಆರೈಕೆ ಕೇಂದ್ರದ ಕಾರು ಬರುತ್ತದೆ. ಕಾಗದಕ್ಕೆ ಸಹಿ ಹಾಕಿದ್ದೇನೆ. ಟೆರೇಸ್ ನನ್ನ ಪಕ್ಕ ನಿಂತಿದ್ದಳು, ಈ ಸಲ ಬಾಯಿ ಬಿಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರಿಯ ಮರದ ಹಿಡಿಯನ್ನಾದರೂ ಜೊತೆಗೆ ಕಳಿಸಲೇ ಎಂದು ಆರೈಕೆ ಕೇಂದ್ರದವರನ್ನು ಕೇಳಿದೆ. ಅಂಥ ಆಕಾರದ್ದು ಏನೂ ಬೇಡ ಅಂದರು.

ಇವತ್ತು ಮಧ್ಯಾಹ್ನ ಆರನೇ ಸಲವೋ ಏಳನೇ ಸಲವೋ ತಂದು ಇಟ್ಟೆ. ಅವಳು ಬಟ್ಟೆ ಎತ್ತಿದವಳು ಒರೆಸಲಿಲ್ಲ. ರೈಫಲ್ ನೋಡಿದಳು, ನನ್ನ ಮುಖ ನೋಡಿದಳು.

"ಇದೇ ತಾನೆ ಬೆಳಿಗ್ಗೆ ಬಂದದ್ದು?"

ನಾನು ಸುಳ್ಳು ಹೇಳಲಿಲ್ಲ. "ಹೌದು" ಅಂದೆ.

"ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ? ಕೆಲಸ ಇಲ್ಲ, ಅಲ್ವಾ? ಹಿಂದೆ ಒಂದ್ಸಲ ಹೀಗೇ ಮಾಡಿದ್ರು, ಒಂದೇ ಮಾಲು ಸುತ್ತಿಸ್ತಿದ್ರು." ಬಟ್ಟೆಯನ್ನು ಟೇಬಲ್ ಮೇಲಿಟ್ಟು, "ನಮ್ಮನ್ನ ತೆಗೀತಾರಾ?" ಅಂದಳು.

"ಹೂಂ" ಅಂದೆ.

"ಯಾವಾಗ?"

"ಸೋಮವಾರ."

"ಹೋಗ್ಲಿ ಬಿಡು" ಅಂದಳು ಲೊರೆಟ್. "ಮನೇಲಿ ಗಂಡ ಇದಾನೆ ನಂಗೆ. ಕೋಪಿಷ್ಠ, ಆದ್ರೆ ನೋಡ್ಕೊಳ್ತಾನೆ." ಏಪ್ರನ್ನಿನ ಗಂಟು ಬಿಚ್ಚಿದಳು. ನಾಲ್ಕು ಮಡಿಕೆ ಮಾಡಿದಳು, ಕೆಲಸ ಬಿಡುವವರು ಕಾರ್ಖಾನೆಗೆ ಒಪ್ಪಿಸುವ ಹಾಗೆ, ಮತ್ತು ನನ್ನ ಕೈಗೆ ಕೊಟ್ಟಳು. ತೆಗೆದುಕೊಂಡೆ.

ಓವಿಲಾ